ಒಂದು ಗಂಟೆಗೆ ಊಟಕ್ಕೇಳುವ ಬೀಗದವರಿಗೆ

ಶ್ರೀಯುತ ಎಲೆಕ್ಟ್ರಾನಿಕ್ ಬೀಗದವರಿಗೆ,
ಸಂತ ಅಪೊಲೋನಿಯಾ ಚರ್ಚು, ಮುಂಬಾಗಿಲು, ನೆಲದಿಂದ ಮೂರೂವರೆ ಅಡಿ ಎತ್ತರ,
ಮೊಂತೆಸೊರ್ದೊ.
ಗುರುವಾರ, ಬೆಳಗ್ಗೆ.

ಮಾನ್ಯರೇ,

ತಮ್ಮ ಹಸಿರು ದೀಪಕ್ಕೂ, ಕೆಂಪು ದೀಪಕ್ಕೂ, ಇವೆರಡರ ನಡುವೆ ತಾವು ಯೋಚನೆಗೆ ಬಿದ್ದಾಗ ಮಿನುಗುವ ಆ ನೀಲಿ ದೀಪಕ್ಕೂ ಎದುರು ಮನೆಯ ಎರ್ಸೀಲಿಯಾ ಬ್ರಾಂದೋನಿ ಮಾಡುವ ಮೂರು ಪ್ರತ್ಯೇಕ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನನ್ನ ಅಡುಗೆಮನೆಯ ಕಿಟಕಿಯಿಂದ ತಮ್ಮ ಸನ್ನಿಧಾನಕ್ಕೆ ಸರಿಯಾಗಿ ಮೂವತ್ತು ಹೆಜ್ಜೆ, ಮತ್ತು ಕಳೆದ ಒಂದು ತಿಂಗಳಿಂದ ತಮ್ಮನ್ನು ನೋಡುತ್ತಾ ಕೂರುವುದನ್ನು ಬಿಟ್ಟರೆ ನನಗೆ ಬೇರೆ ಉದ್ಯೋಗವಿಲ್ಲ. ನನ್ನ ಕ್ಷೇಮವನ್ನು ತಾವು ವಿಚಾರಿಸಿಲ್ಲ, ಆದರೂ ತಿಳಿಸುತ್ತೇನೆ: ಮಂಡಿ ಹಾಗೇ ಇದೆ, ಹಲ್ಲು ಎಲ್ಲವೂ ಇವೆ, ಸಿಟ್ಟು ದಿನೇ ದಿನೇ ಸುಧಾರಿಸುತ್ತಿದೆ.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಲಕೋಟೆಯಲ್ಲಿ ಹಾಕಿ ಗುಟ್ಟಾಗಿ ತಲುಪಿಸೋಣವೆಂದರೆ ತಮ್ಮ ಮೈಯಲ್ಲಿ ಒಂದು ಸಂದು ಕೂಡ ಇಲ್ಲ. ತಮಗಿಂತ ಮುಂಚೆ ಇದ್ದ ಹಳೆಯ ಬೀಗಕ್ಕೆ ಇಲಿ ನುಗ್ಗುವಷ್ಟು ದೊಡ್ಡ ಕಂಡಿ ಇತ್ತು. ಆದ್ದರಿಂದ ಒಂದು ಪ್ರತಿಯನ್ನು ತಮ್ಮ ಕೆಳಗೆ ಅಂಟಿಸಿ, ಇನ್ನೊಂದನ್ನು ಬ್ರೆಡ್ ಅಂಗಡಿಯ ಗೋಡೆಗೆ ಅಂಟಿಸುವವಳಿದ್ದೇನೆ. ನಮ್ಮೂರಲ್ಲಿ ಆ ಗೋಡೆ ಓದದವರಿಲ್ಲ, ಕನ್ನಡಕ ಮರೆತು ಬಂದವರಿಗೆ ಪಕ್ಕದವರು ಓದಿ ಹೇಳುತ್ತಾರೆ.

ತಾವು ಹೊಸಬರು, ಆದ್ದರಿಂದ ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನನಗೆ ಎಪ್ಪತ್ತೊಂದು ವರ್ಷ. ನನ್ನ ಮುತ್ತಜ್ಜಿಯ ಕಾಲದಿಂದ ಈ ಚರ್ಚಿನ ಕೀಲಿಕೈ ನಮ್ಮ ಮನೆಯಲ್ಲಿತ್ತು. ಅದು ಕಬ್ಬಿಣದ್ದು, ಒಂದೂವರೆ ಗೇಣು ಉದ್ದ, ಸೊಂಟಕ್ಕೆ ಕಟ್ಟಿಕೊಂಡರೆ ನಡಿಗೆ ಒಂದು ಕಡೆಗೆ ವಾಲುತ್ತದೆ. ನಮ್ಮ ಮನೆತನದ ಹೆಂಗಸರನ್ನು ದೂರದಿಂದಲೇ ಗುರುತು ಹಿಡಿಯುವುದು ಆ ವಾಲಿಕೆಯಿಂದ. ನಮ್ಮ ಇಟಲಿಯ ಬೆಟ್ಟದೂರುಗಳಲ್ಲಿ ಇಂಥ ಪುಟ್ಟ ಚರ್ಚುಗಳಿಗೆ ಕಾವಲುಗಾರರಿರುವುದಿಲ್ಲ, ಎದುರು ಮನೆಯಿರುತ್ತದೆ. ರಜೆಯಲ್ಲಿ ಯುರೋಪು ಸುತ್ತಲು ಹೊರಟವರು ದೊಡ್ಡ ಊರುಗಳ ದೊಡ್ಡ ಗೋಪುರಗಳನ್ನೆಲ್ಲ ನೋಡಿ ಮುಗಿಸಿ, ದಾರಿ ತಪ್ಪಿ ಇಲ್ಲಿಗೆ ಬಂದು, ಬಾಗಿಲಿನ ಚೀಟಿ ಓದಿ, ನಮ್ಮ ಮನೆಯ ಗಂಟೆ ಒತ್ತುತ್ತಿದ್ದರು. ನಾನು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೋಗಿ ತೆಗೆಯುತ್ತಿದ್ದೆ. ಎಲ್ಲಿಂದ ಬಂದಿರಿ, ಮಕ್ಕಳೆಷ್ಟು, ಊಟ ಆಯಿತೇ ಎಂದು ಕೇಳಿ, ಒಳಗೆ ಕರೆದುಕೊಂಡು ಹೋಗಿ, ಪೀಠದ ಎಡಗಡೆಯ ಗೋಡೆಯ ಮೇಲಿರುವ ಆರುನೂರು ವರ್ಷದ ಹಳೆಯ ಚಿತ್ರವನ್ನು, ಅಂದರೆ ಪ್ರಭುವು ಶಿಷ್ಯರೊಂದಿಗೆ ಕಡೆಯ ಊಟಕ್ಕೆ ಕೂತ ಚಿತ್ರವನ್ನು ತೋರಿಸುತ್ತಿದ್ದೆ. ಊಟದ ಮೇಜಿನ ಬಲತುದಿಯಲ್ಲಿ ಒಂದು ಬಿಳಿಚು ಕಲೆಯಿದೆ. ಸಂತ ಅಪೊಲೋನಿಯಾ ಹಲ್ಲುನೋವಿನವರ ದೇವತೆಯಾದ್ದರಿಂದ, ಅದು ಆಕೆಯ ದವಡೆಹಲ್ಲು ತಾಗಿ ಮೂಡಿದ ಗುರುತೆಂದು ನನ್ನ ತಾಯಿ ಯೊಲಾಂದಾ ನಲವತ್ತಮೂರು ವರ್ಷ ಹೇಳಿದಳು, ನಾನು ಇಪ್ಪತ್ತೆಂಟು ವರ್ಷ ಹೇಳಿದೆ. ಎಷ್ಟೋ ದೇಶದ ಜನ ಆ ಕಲೆಯ ಮುಂದೆ ನಿಂತು ತಮ್ಮ ತಮ್ಮ ಕೆನ್ನೆ ಮುಟ್ಟಿಕೊಂಡಿದ್ದಾರೆ.

ಬಾಗಿಲು ತೆರೆಯುವ ಹೊತ್ತು ಬೆಳಗ್ಗೆ ಒಂಬತ್ತರಿಂದ ಒಂದು, ಸಂಜೆ ನಾಲ್ಕರಿಂದ ಏಳು. ಅಮ್ಮ ತನ್ನ ಕೈಯಾರೆ ಬರೆದು ಅಂಟಿಸಿದ್ದ ಚೀಟಿ ಅದು. ಒಂದರಿಂದ ನಾಲ್ಕರವರೆಗೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಊಟ, ಆಮೇಲೆ ನಿದ್ದೆ. ಅದನ್ನು ಬರೆದು ತಿಳಿಸುವ ಅಗತ್ಯವಿದೆಯೇ?

ಹೀಗಿರುವಲ್ಲಿ ಒಂದು ತಿಂಗಳ ಹಿಂದೆ, ನಮ್ಮ ಪುರಸಭೆಯಲ್ಲಿ ಸಂಸ್ಕೃತಿ, ಪ್ರವಾಸ ಮತ್ತು ಚರಂಡಿಗಳನ್ನು ನೋಡಿಕೊಳ್ಳುವ ಸದಸ್ಯ ಗ್ವಾಲ್ತಿಯೆರೊ ಪೆನ್ನೇಸಿಯವರು ಒಂದು ಪ್ರಶಸ್ತಿಪತ್ರವನ್ನೂ ಒಂದು ಹೂವಿನ ಕುಂಡವನ್ನೂ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಹೂವು ನೋಡಿದ ಕೂಡಲೇ ಯಾರು ಸತ್ತರೆಂದು ಕೇಳಿದೆ.

"ಯಾರೂ ಸತ್ತಿಲ್ಲಮ್ಮ, ನೀವು ನಿವೃತ್ತಿ ಆಗಿದೀರಿ," ಅಂದರು. "ಇನ್ಮೇಲೆ ನೀವು ಆರಾಮಾಗಿ ಕೂತ್ಕೊಳ್ಳಿ. ಬಾಗಿಲಿಗೆ ಹೊಸ ಬೀಗ ತರಿಸಿದೀವಿ. ಜನ ಫೋನ್ ತೋರಿಸಿದ್ರೆ ಸಾಕು, ತಾನೇ ತೆರ್ಕೊಳ್ಳತ್ತೆ. ಹನ್ನೆರಡು ಭಾಷೆ ಮಾತಾಡತ್ತೆ!"

"ನಾನು ಒಂದೇ ಭಾಷೇಲಿ ಎಲ್ಲರಿಗೂ ಅರ್ಥ ಮಾಡಿಸ್ತಿದ್ನಲ್ಲಪ್ಪ," ಅಂದೆ.

"ಅದಕ್ಕೇ ತಾನೇ ಪ್ರಶಸ್ತಿ ಕೊಟ್ಟಿರೋದು," ಎಂದು ಕೈ ಚಾಚಿ ಕೀಲಿಕೈ ಇಸಿದುಕೊಂಡರು. ಅದನ್ನು ಪುರಸಭೆಯ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮಖಮಲ್ಲಿನ ಮೇಲೆ, ಐತಿಹಾಸಿಕ ವಸ್ತುವಾಗಿ ಇಡುವ ಯೋಜನೆಯಂತೆ. ಅಂತಿಮ ತೀರ್ಮಾನ ಈ ತಿಂಗಳ ಕೊನೆಯ ಗುರುವಾರದ ಸಭೆಯಲ್ಲಿ, ಅಂದರೆ ಇವತ್ತು ಸಂಜೆ ಆರಕ್ಕೆ. ನನ್ನ ಕೀಲಿಕೈ ನನಗೆ ವಾಪಸ್ಸು ಬರುತ್ತದೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ. ಹೊತ್ತು ಹೋಗಲಿ ಎಂದು ತಮಗೆ ಪತ್ರ ಬರೆಯಲು ಕೂತಿದ್ದೇನೆ.

ಮೊದಲು ತಮ್ಮ ಗುಣಗಾನ ಮಾಡಬೇಕು. ತಮಗೆ ಮಂಡಿನೋವಿಲ್ಲ. ತಾವು ಯಾರನ್ನೂ ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ, ಗಂಡ ಹೆಂಡತಿ ಜಗಳವಾಡಿಕೊಂಡು ಬಂದಿದ್ದರೆ ಒಬ್ಬರನ್ನು ಪೀಠದ ಕಡೆಗೂ ಇನ್ನೊಬ್ಬರನ್ನು ನೀರಿನ ತೊಟ್ಟಿಯ ಕಡೆಗೂ ಕಳಿಸುವ ಉಸಾಬರಿ ತಮಗೆ ಬೇಡ. ತಾವು ಬಂದಂದಿನಿಂದ ಪ್ರವಾಸಿಗಳು ಫೋನ್ ಎತ್ತುತ್ತಾರೆ, ತಾವು ಕಣ್ಣು ಮಿಟುಕಿಸುತ್ತೀರಿ, ಅವರು ಒಳಗೆ ಹೋಗುತ್ತಾರೆ, ಆರೇ ನಿಮಿಷಕ್ಕೆ ಹೊರಗೆ ಬಂದು ಕಾರು ಹತ್ತುತ್ತಾರೆ. ಮುಂಚೆ ನನ್ನ ಜೊತೆ ಅವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈ ಉಳಿತಾಯಕ್ಕೆ ಇಡೀ ಯುರೋಪು ತಮಗೆ ಋಣಿ.

ನನಗೆ ಮಾತ್ರ ತುಂಬ ಬೇಜಾರಾಯಿತು. ಮೊದಲ ವಾರ ಮನೆಯ ಗಂಟೆ ಕೆಟ್ಟಿರಬೇಕೆಂದುಕೊಂಡು ನಾನೇ ಹೊರಗೆ ಹೋಗಿ ಒತ್ತಿ ನೋಡಿದೆ. ಚೆನ್ನಾಗಿಯೇ ಬಡಿಯಿತು. ಅಭ್ಯಾಸಬಲದಿಂದ ಕೈ ಒರೆಸಿಕೊಂಡು ಬಾಗಿಲು ತೆಗೆಯಲು ಒಳಗೆ ಓಡಿದೆ, ಅಷ್ಟರಲ್ಲಿ ನಾನೇ ಹೊರಗಿನವಳೆಂಬುದು ನೆನಪಾಯಿತು. ಇದನ್ನು ಯಾರಿಗೂ ಹೇಳಿಲ್ಲ, ಈಗ ಬ್ರೆಡ್ ಅಂಗಡಿಯ ಗೋಡೆಗೆ ಹೇಳುತ್ತಿದ್ದೇನೆ.

ಇನ್ನು ಕಳೆದ ವಾರದ ಮಂಗಳವಾರದ ಘಟನೆ. ತಮ್ಮ ಕಡೆಯ ವರದಿಯಲ್ಲಿ "ಯಾವ ತೊಂದರೆಯೂ ದಾಖಲಾಗಿಲ್ಲ" ಎಂದಿದೆಯಂತೆ, ಆದ್ದರಿಂದ ನನ್ನ ಕಡೆಯ ವರದಿಯನ್ನು ವಿನಯಪೂರ್ವಕ ಸಲ್ಲಿಸುತ್ತೇನೆ.

ಅಂದು ನನ್ನ ಒಲೆಯಲ್ಲಿ ವಿಂಚಿಸ್‌ಗ್ರಾಸಿ ಬೇಯುತ್ತಿತ್ತು. ಹಿಟ್ಟಿನ ಹಾಳೆ, ಮಾಂಸದ ಗೊಜ್ಜು, ಹಾಲಿನ ಕೆನೆ, ಹೀಗೆ ಹತ್ತು ಪದರ. ಒಂದು ಗಂಟೆಗೆ ತೆಗೆಯದಿದ್ದರೆ ಮೇಲಿನ ಪದರ ಹೆಂಚಾಗುತ್ತದೆ. ಒಂದಕ್ಕೆ ಐದು ನಿಮಿಷವಿರುವಾಗ ಕಿಟಕಿಯಿಂದ ನೋಡಿದರೆ ಮೂವರು ಪ್ರವಾಸಿಗಳು ಇನ್ನೂ ಒಳಗೇ ಇದ್ದರು. ತಾವು ಒಳಗಡೆ ಹನ್ನೆರಡು ಭಾಷೆಯಲ್ಲಿ "ದಯವಿಟ್ಟು ಹೊರಡಿರಿ" ಎನ್ನುತ್ತಿದ್ದಿರಿ, ಯಾರೂ ಕೇಳುತ್ತಿರಲಿಲ್ಲ. ನಿವೃತ್ತಳಾದರೇನು, ಊಟದ ಹೊತ್ತಿಗೆ ಜನರನ್ನು ಹೊರಗೆ ಹಾಕುವುದು ನನ್ನ ರಕ್ತದಲ್ಲಿದೆ. ಏಪ್ರನ್ನಿನಲ್ಲೇ ಹೋದೆ.

ಒಳಗೆ ಹಾಲೆಂಡಿನ ದಂಪತಿಗಳಿದ್ದರು, ಗಂಡ ಯೋಸ್ಟ್, ಹೆಂಡತಿ ಹನ್ನೆಕೆ, ಇಬ್ಬರೂ ನಿವೃತ್ತ ಅಂಚೆ ನೌಕರರು. ಗಂಡನಿಗೆ ಇಟಾಲಿಯನ್ ಬಾರದು. ಹೆಂಡತಿ ಹಳೆಯ ವ್ಯಾಕರಣ ಪುಸ್ತಕದಿಂದ ಕಲಿತಿದ್ದಳು, ಆದ್ದರಿಂದ ಶಾಸನದ ಹಾಗೆ ಮಾತಾಡುತ್ತಿದ್ದಳು. ಮೂರನೆಯವರು ಸಿಸಿಲಿಯ ದಂತವೈದ್ಯರು, ಡಾಕ್ಟರ್ ಇಂಗ್ರಾಸ್ಸಿಯಾ. ಸಮುದ್ರತೀರಕ್ಕೆ ಹೋಗೋಣವೆಂದ ಹೆಂಡತಿಯ ಮಾತು ಮೀರಿ, ಹಲ್ಲಿನ ದೇವತೆಯ ಚರ್ಚುಗಳನ್ನೆಲ್ಲ ನೋಡಲು ಒಬ್ಬರೇ ರಜೆ ಹಾಕಿ ಹೊರಟವರು. ಅವರು ಕಲೆಯ ಮುಂದೆ ಮಂಡಿಯೂರಿ ಕೂತು ಕಿರುಬ್ಯಾಟರಿ ಬಿಟ್ಟು ನೋಡುತ್ತಿದ್ದರು.

"ಇದು ದವಡೆಹಲ್ಲಾ ತಾಯಿ? ಮೂವತ್ತು ವರ್ಷದಿಂದ ಹಲ್ಲು ಕೀಳ್ತಿದೀನಿ, ಇಂಥ ಹಲ್ಲು ಕುದುರೆ ಬಾಯಲ್ಲೂ ನೋಡಿಲ್ಲ," ಅಂದರು.

ನಮ್ಮ ಮನೆತನದ ಹಲ್ಲಿನ ಬಗ್ಗೆ ಹಾಗೆ ಮಾತಾಡಿದರೆ ಸುಮ್ಮನಿರಲಾದೀತೇ? ವಾದಕ್ಕೆ ನಿಂತೆ. ವಾದ ಐದು ನಿಮಿಷ ನಡೆಯಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ತಾವು "ಟಕ್" ಎಂದು, ಭೇಟಿಗೆ ಧನ್ಯವಾದ ಹೇಳಿ, ನಾಲ್ಕು ಗಂಟೆಗೆ ಮತ್ತೆ ಬರಬೇಕೆಂದು ಆಹ್ವಾನಿಸಿ, ಕೆಂಪಗಾದಿರಿ. ಒಳಗಿನಿಂದ ತೆರೆಯುವ ಗುಂಡಿ ಪುರಸಭೆಯ ಯೋಜನೆಯ ಎರಡನೆಯ ಹಂತದಲ್ಲಿ ಬರುತ್ತದೆಯಂತೆ. ನಾವು ಮೊದಲನೆಯ ಹಂತದಲ್ಲಿದ್ದೆವು.

ಆಗ ಹನ್ನೆಕೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದಳು: "ಮಾನ್ಯ ಮಹಿಳೆಯೇ, ಈ ಬೀಗವು ಒಂದು ಗಂಟೆಗೆ ಏತಕ್ಕಾಗಿ ಮುಚ್ಚಿಕೊಂಡಿತು?"

"ಊಟದ ಹೊತ್ತಲ್ವಾ," ಅಂದೆ.

"ಬೀಗವು ಊಟ ಮಾಡುವುದೇ?"

ದೇವರಾಣೆ, ಆ ಕ್ಷಣದವರೆಗೆ ನನಗಾಗಲಿ, ಪೆನ್ನೇಸಿಯವರಿಗಾಗಲಿ, ಪಾದ್ರಿಗಳಿಗಾಗಲಿ, ಊರಿನ ಮುನ್ನೂರು ಜನರಲ್ಲಿ ಒಬ್ಬರಿಗಾಗಲಿ ಇದು ಹೊಳೆದಿರಲಿಲ್ಲ. ಊಟವಿಲ್ಲದ, ನಿದ್ದೆಯಿಲ್ಲದ, ಹೊಟ್ಟೆಯೇ ಇಲ್ಲದ ತಮ್ಮಂಥವರನ್ನು ದೂರದೇಶದಿಂದ ತರಿಸಿ, ಹಗಲೂ ರಾತ್ರಿ ದುಡಿಯಬಲ್ಲ ತಮಗೆ ನಮ್ಮಮ್ಮನ ಚೀಟಿಯನ್ನೇ ಅಕ್ಷರ ತಪ್ಪದೆ ಕಲಿಸಿ, ದಿನಾ ಮೂರು ಗಂಟೆ ಊಟ ನಿದ್ದೆಗೆ ಕಳಿಸುತ್ತಿದ್ದೆವು! "ಪಾಪ, ಅದಕ್ಕೂ ವಿರಾಮ ಬೇಕಲ್ಲ," ಎಂದು ಡಾಕ್ಟರು ಮೆಲ್ಲಗೆ ಹೇಳಿದರು, ಆದರೆ ಅವರ ದನಿಯಲ್ಲಿ ಬಲವಿರಲಿಲ್ಲ.

ತಮ್ಮ ಮೈಮೇಲೆ ಬರೆದಿರುವ ಸಹಾಯವಾಣಿಗೆ ಯೋಸ್ಟ್ ಫೋನ್ ಮಾಡಿದ. ಸಿಬ್ಬಂದಿ ಊಟಕ್ಕೆ ತೆರಳಿದ್ದಾರೆ, ನಾಲ್ಕರ ನಂತರ ಕರೆ ಮಾಡಿ ಎಂಬ ಸವಿನಯ ಉತ್ತರ ಬಂತು. ಪೆನ್ನೇಸಿಯವರ ಫೋನ್ ಬಂದ್ ಆಗಿತ್ತು. ಅದೃಷ್ಟಕ್ಕೆ ನನ್ನ ಜೊತೆ ಶಾಲೆಗೆ ಹೋದ, ಈಗ ದಿನಾ ಸಂಜೆ ಇಸ್ಪೀಟಿನಲ್ಲಿ ನನಗೆ ಸೋಲುವ ನಝ್ಝರೇನೊ ಮನೆಗೆ ಊಟಕ್ಕೆ ಹೋಗುತ್ತಿದ್ದ. ಗೋಡೆಯ ಕಿರುಕಿಂಡಿಯಿಂದ ಕೂಗಿದೆ.

"ಒಳಗೇನ್ ಮಾಡ್ತಿದೀಯೇ ಎರ್ಸೀಲಿಯಾ? ಒಂದು ಗಂಟೆ ಹೊಡೀತಲ್ಲ!"

"ಸಿಕ್ಕಾಕ್ಕೊಂಡಿದೀನಿ ಕಣೋ! ಪೆನ್ನೇಸಿನ ಎಬ್ಬಿಸಿ ಕರ್ಕೊಂಬಾ!"

ಅವನು ಹೋದ. ಹೋದಷ್ಟೇ ಬೇಗ ಬಂದ. "ಅವನ ಹೆಂಡ್ತಿ ಕಿಟಕೀಲಿ ಬಗ್ಗಿ, ಯಾರಾದ್ರೂ ಸತ್ರಾ ಅಂದ್ಲು. ಇಲ್ಲ ಅಂದೆ. ಹಾಗಾದ್ರೆ ನಾಲ್ಕಕ್ಕೆ ಬನ್ನಿ ಅಂದ್ಲು. ಬೆಂಕಿ ಆರಿಸೋರನ್ನ ಕರೀಲಾ? ಬಾಗ್ಲು ಒಡೀತಾರೆ."

"ಆ ಬಾಗ್ಲು ಮುಟ್ಟಿದ್ರೆ ನೋಡು! ನಮ್ಮಜ್ಜಿ ಎಣ್ಣೆ ಹಾಕಿ ಒರೆಸಿದ ಬಾಗ್ಲು ಅದು. ಮೊದ್ಲು ಹೋಗಿ ನನ್ನ ಒಲೆ ಆರಿಸು!"

ನನ್ನ ಮನೆಗೆ ಯಾವತ್ತೂ ಬೀಗವಿಲ್ಲ, ಆದ್ದರಿಂದ ಹೋಗಿ ಆರಿಸಿದ. ಬರುವಾಗ ಬಾಣಲಿಯನ್ನೇ ಎತ್ತಿಕೊಂಡು ಬಂದ. ಕಿಂಡಿಯಲ್ಲಿ ತಟ್ಟೆ ಹಿಡಿಯದು, ಹಾಗಾಗಿ ಬ್ರೆಡ್ ಸುತ್ತುವ ಕಾಗದದಲ್ಲಿ ಒಂದೊಂದೇ ತುಂಡು ಸುತ್ತಿ ತೂರಿಸಿದ. ನಡುವೆ ತಾನೂ ಎರಡು ತಿಂದನೆಂದು ನನಗೆ ಅನುಮಾನವಿದೆ, ಏಕೆಂದರೆ ಅವನು ಮಾತಾಡುವುದು ಇದ್ದಕ್ಕಿದ್ದಂತೆ ನಿಂತಿತ್ತು. ಪ್ರಭುವು ಗೋಡೆಯ ಮೇಲೆ ಶಿಷ್ಯರಿಗೆ ಊಟ ಬಡಿಸುತ್ತಿದ್ದ, ಕೆಳಗೆ ನಾವು ನಾಲ್ವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಬೆರಳು ನೆಕ್ಕುತ್ತಿದ್ದೆವು. ಹನ್ನೆಕೆ ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಮಾನ್ಯ ಮಹಿಳೆಯೇ, ನಾವು ಸೆರೆಯಾಳುಗಳಾದುದು ನಮ್ಮ ಭಾಗ್ಯವು," ಅಂದಳು. ತಾವು ಬಂದ ಮೇಲೆ ನಾನು ಮೊದಲ ಸಲ ಜೋರಾಗಿ ನಕ್ಕೆ.

ತಾವು ಗಮನಿಸಿರಬಹುದು, ಹತ್ತು ಪದರ ಹೊಟ್ಟೆಗಿಳಿದ ಮೇಲೆ ಮನುಷ್ಯರ ಕಣ್ಣು ತಾನಾಗಿ ಎಳೆಯುತ್ತದೆ. ಡಾಕ್ಟರು ಕಂಬಕ್ಕೊರಗಿ ಗೊರಕೆ ಶುರು ಮಾಡಿದರು. ನಾನು ಬೆಂಚಿನ ಮೇಲೆ ತೋಳಿಗೆ ತಲೆಯಿಟ್ಟೆ. ಹೊರಗೆ ನಝ್ಝರೇನೊ ಗೋಡೆಯ ನೆರಳಲ್ಲಿ ಕಾವಲು ಕೂತವನು ನನಗಿಂತ ಮುಂಚೆಯೇ ಮಲಗಿದ್ದ. ಎಚ್ಚರವಿದ್ದವರು ಹಾಲೆಂಡಿನವರು ಮಾತ್ರ. ಅವರ ದೇಶದಲ್ಲಿ ಹನ್ನೆರಡಕ್ಕೆ ಒಂದು ಚೂರು ಬ್ರೆಡ್ಡಿಗೆ ಹಾಲು ಕುಡಿದು ಮತ್ತೆ ಕೆಲಸಕ್ಕೆ ಕೂರುತ್ತಾರಂತೆ, ಪಾಪ.

ಹನ್ನೆಕೆ ನನ್ನ ಭುಜ ಅಲುಗಾಡಿಸಿದಾಗ ಎರಡೂಕಾಲು.

"ಮಾನ್ಯ ಮಹಿಳೆಯೇ, ದಯವಿಟ್ಟು ಎಚ್ಚರಗೊಳ್ಳಿರಿ. ಗೋಡೆಯ ಮೇಲೆ ಒಬ್ಬಳು ಸ್ತ್ರೀಯು ಬಂದಿರುವಳು."

ಕಣ್ಣುಜ್ಜಿಕೊಂಡು ನೋಡಿದೆ. ಆ ಕಿರುಕಿಂಡಿಯಿಂದ ಬಿಸಿಲು ಒಳಗೆ ಬಂದು ಚಿತ್ರದ ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ಎಪ್ಪತ್ತೊಂದು ವರ್ಷದಲ್ಲಿ ನಾನು ಆ ಗೋಡೆಯ ಮೇಲೆ ಬಿಸಿಲನ್ನೇ ನೋಡಿರಲಿಲ್ಲ. ನಮ್ಮ ದವಡೆಹಲ್ಲಿನ ಜಾಗದಲ್ಲಿ, ಹಸಿಗಾರೆಯ ಮೇಲೆ ಮೊಳೆಯಿಂದ ಗೀರಿದ್ದ ಗೆರೆಗಳೆಲ್ಲ ಒಂದೊಂದೇ ನೆರಳು ಪಡೆದು ಎದ್ದು ಬಂದಿದ್ದವು. ಅದೊಬ್ಬಳು ಹೆಂಗಸು. ತಲೆಗೆ ಬಟ್ಟೆ ಕಟ್ಟಿದ್ದಾಳೆ. ಊಟದ ಮೇಜಿನ ತುದಿಯಲ್ಲಿ, ಖಾಲಿ ತಟ್ಟೆಯ ಪಕ್ಕ, ತೋಳಿನ ಮೇಲೆ ಕೆನ್ನೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ಗಾಢವಾಗಿ ನಿದ್ದೆ ಹೋಗಿದ್ದಾಳೆ. ಸೊಂಟದಲ್ಲಿ ಒಂದೂವರೆ ಗೇಣಿನ ಕೀಲಿಕೈ.

ಮಾನ್ಯರೇ, ಆ ಚಿತ್ರಕಾರ ಯಾರೋ, ನಮ್ಮೂರಿಗೆ ಬಂದು ಗೋಡೆಗೆ ಗಾರೆ ಮೆತ್ತಿ ಕೂತವನು, ಮಧ್ಯಾಹ್ನ ಬಾಗಿಲು ತೆಗೆಯುವವಳು ಮಲಗಿದ್ದರಿಂದ ದಿನಾ ಬಿಸಿಲಲ್ಲಿ ಕಾದು ಕಾದು ರೋಸಿಹೋಗಿರಬೇಕು. ಅದಕ್ಕೆ ಅವಳನ್ನೇ ಅಲ್ಲಿ ಗೀರಿಟ್ಟು ಹೋದ, ಅದೂ ಆ ಹೊತ್ತಿನಲ್ಲಿ ಎಚ್ಚರವಿರುವವರಿಗೆ ಮಾತ್ರ ಕಾಣುವ ಹಾಗೆ! ಆರುನೂರು ವರ್ಷ ಒಬ್ಬರೂ ಎಚ್ಚರವಿರಲಿಲ್ಲ. ನನಗೆ ಇಪ್ಪತ್ತು ವರ್ಷವಿದ್ದಾಗ ಚಿತ್ರವನ್ನು ಅಧ್ಯಯನ ಮಾಡಲು ಮೂವರು ಪ್ರೊಫೆಸರರು ಬಂದು ಹದಿನೈದು ದಿನ ಇದ್ದರು. ಅಮ್ಮ ಹದಿನೈದು ದಿನವೂ ಒಂದು ಗಂಟೆಗೆ ಊಟ ಹಾಕಿದಳು, ಮೂವರೂ ಹದಿನೈದು ದಿನವೂ ಮಲಗಿದರು, ಆಮೇಲೆ ಆ ಕಲೆ ತೇವದಿಂದ ಆದದ್ದೆಂದು ದಪ್ಪ ಪುಸ್ತಕ ಬರೆದರು.

ಡಾಕ್ಟರು ಎದ್ದು ನೋಡಿ, "ಹೇಳಿದ್ನಲ್ಲ ತಾಯಿ, ಹಲ್ಲಲ್ಲ ಅಂತ!" ಎಂದು ಕುಣಿದಾಡಿದರು. ಹೊರಗಿನಿಂದ ನಝ್ಝರೇನೊ, "ಏನೇ ಅದು? ಏನು ಕಾಣ್ತಿದೆ? ನನಗೂ ಹೇಳ್ರಪ್ಪಾ!" ಎಂದು ಕಿಂಡಿಗೆ ಮೂಗು ತೂರಿಸಿದ. ಅವನ ತಲೆ ಬಿಸಿಲಿಗೆ ಅಡ್ಡ ಬಂದು ಹೆಂಗಸು ಮಾಯವಾದಳು. ನಾಲ್ವರೂ ಒಟ್ಟಿಗೆ, "ತಲೆ ತೆಗಿಯೋ!" ಎಂದು ಕಿರುಚಿದೆವು. ಹನ್ನೆಕೆ ಮಾತ್ರ "ಶಿರವನ್ನು ಸರಿಸಿರಿ" ಎಂದಳು. ಹನ್ನೊಂದು ನಿಮಿಷ ಇತ್ತು, ಆಮೇಲೆ ಬಿಸಿಲು ಮುಂದೆ ಹೋಯಿತು, ಗೋಡೆಯ ಮೇಲೆ ಹಳೆಯ ಕಲೆ ಉಳಿಯಿತು.

ನಾವು ಎಷ್ಟು ನಕ್ಕೆವೆಂದರೆ ಡಾಕ್ಟರಿಗೆ ಬಿಕ್ಕಳಿಕೆ ಬಂತು. ನಗುತ್ತಲೇ ನನಗೆ ಅಮ್ಮನ ನೆನಪಾಗಿ ಅಳುವೂ ಬಂತು. ಅವಳು ನಲವತ್ತಮೂರು ವರ್ಷ, ಬಾಯಿ ಹಾಗೇ ತೆರೆದುಕೊಂಡು, ಈ ಚಿತ್ರದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಮಲಗಿದ್ದಳು. ಅವಳಿಗೆ ಇದನ್ನು ತೋರಿಸಬೇಕಿತ್ತು. ಹನ್ನೆಕೆ ನನ್ನ ಕೈ ಹಿಡಿದುಕೊಂಡಳು.

ನಾಲ್ಕಕ್ಕೆ ತಾವು "ಸುಸ್ವಾಗತ" ಎಂದು ಹಸಿರಾದಿರಿ. ನಾಲ್ಕೂಕಾಲಿಗೆ ಪೆನ್ನೇಸಿಯವರು ಕೆನ್ನೆಯ ಮೇಲೆ ದಿಂಬಿನ ಗೆರೆಗಳೊಂದಿಗೆ ಬಂದು, ಏನಾಯಿತೆಂದು ಕೇಳಿದರು.

ಆಮೇಲಿನದ್ದು ತಮಗೇ ಗೊತ್ತು. ಯೋಸ್ಟ್ ತೆಗೆದ ಫೋಟೋಗಳು ಊರೂರು ಸುತ್ತಿದವು. ಈಗ ದಿನಾ ಎರಡು ಗಂಟೆಗೆ ಬಸ್ಸಿನಲ್ಲಿ ಜನ ಬಂದಿಳಿಯುತ್ತಾರೆ, ಮಲಗಿದವಳು ಎಲ್ಲಿ ಎಂದು ಹತ್ತಾರು ಭಾಷೆಯಲ್ಲಿ ಕೇಳುತ್ತಾರೆ, ತಾವು ಅಷ್ಟೇ ಭಾಷೆಯಲ್ಲಿ ನಾಲ್ಕಕ್ಕೆ ಬನ್ನಿ ಎನ್ನುತ್ತೀರಿ. ತಮ್ಮ ನಿಷ್ಠೆಗೆ ತಲೆಬಾಗಬೇಕು. ಬಂದವರು ನನ್ನ ಮೆಟ್ಟಿಲ ಮೇಲೆ ಕೂತು ಬೆವರುತ್ತಾರೆ. ಶನಿವಾರ ಒಬ್ಬಳು ನನ್ನ ಮನೆಯ ಗಂಟೆಯನ್ನೂ ಒತ್ತಿದಳು. ನಾಲ್ಕು ವಾರದ ಮೇಲೆ ಮೊದಲ ಸಲ, ಮಧ್ಯಾಹ್ನ ಎರಡೂ ಹತ್ತಕ್ಕೆ! ಬೈಯಬೇಕೆಂದು ಎದ್ದವಳು ಬಾಗಿಲು ತೆಗೆಯುವಷ್ಟರಲ್ಲಿ ನಗುತ್ತಿದ್ದೆ. ಸೊಂಟ ಮುಟ್ಟಿ ನೋಡಿಕೊಂಡೆ, ಕೀಲಿಕೈ ಇರಲಿಲ್ಲ. ನೀರು ಕೊಟ್ಟು ಕಳಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಪ್ರಾರ್ಥನೆಗಳಿವು. ತಾವು ಊಟಕ್ಕೆ ಎಲ್ಲಿಗೆ ಹೋಗುತ್ತೀರೆಂದು ದಯವಿಟ್ಟು ತಿಳಿಸಬೇಕು. ಒಳ್ಳೆಯ ಜಾಗವಾಗಿದ್ದರೆ ನಝ್ಝರೇನೊಗೂ ಹೇಳುತ್ತೇನೆ, ಅವನ ಹೆಂಡತಿಯ ಕೈ ಈಚೆಗೆ ಉಪ್ಪಿಗೆ ಹತ್ತಿರವಾಗಿದೆ. ನಿದ್ದೆಯನ್ನು ತಾವು ಬೆಳಗಿನ ಹತ್ತಕ್ಕೆ ಬದಲಾಯಿಸಿಕೊಳ್ಳಬಹುದೇ ಎಂದು ಯೋಚಿಸಬೇಕು. ಅದೂ ಆಗದಿದ್ದರೆ, ಹನ್ನೆರಡು ಭಾಷೆ ಬಲ್ಲ ತಾವು ಅವುಗಳಲ್ಲಿ ಯಾವುದಾದರೊಂದರಲ್ಲಿ ಸೂರ್ಯನೊಡನೆ ಮಾತಾಡಿ, ಎರಡೂಕಾಲಿಗೆ ಬರುವ ಬಿಸಿಲನ್ನು ಹನ್ನೊಂದಕ್ಕೆ ಕಳಿಸುವಂತೆ ಒಪ್ಪಿಸಬೇಕು. ಇವ್ಯಾವುವೂ ಸಾಧ್ಯವಿಲ್ಲವೆಂದಾದರೆ ತಾವು ರಾಜೀನಾಮೆ ಕೊಡಬೇಕು. ಹೂವಿನ ಕುಂಡ ನನ್ನಲ್ಲೇ ಇದೆ, ತಂದುಕೊಡುತ್ತೇನೆ.

ನಡುವೆ ಊಟ, ನಿದ್ದೆ ಮುಗಿಸಿ ಬರೆಯುವಷ್ಟರಲ್ಲಿ ಐದೂಮುಕ್ಕಾಲಾಯಿತು. ಸಭೆಗೆ ಹೋಗಿ ಬಂದು ಮುಂದುವರಿಸುತ್ತೇನೆ.

ಶುಕ್ರವಾರ, ಸಂಜೆ ಐದು.

ಮಾನ್ಯರೇ, ಸಭೆ ಮುಗಿಯಿತು. ಪೆನ್ನೇಸಿಯವರು ಮೊದಲು ಎದ್ದು ಮಾತಾಡಿದರು. ಬೀಗಕ್ಕೆ ಊಟದ ವಿರಾಮ ರದ್ದು ಮಾಡೋಣ, ಒಂದರಿಂದ ನಾಲ್ಕರವರೆಗೂ ತೆರೆದಿರಲಿ, ಕೀಲಿಕೈ ಗಾಜಿನ ಪೆಟ್ಟಿಗೆಗೆ ಹೋಗಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ನಝ್ಝರೇನೊ ಎದ್ದ. "ತೆರೆದಿಡೋದೇನೋ ಸರಿ. ಬಸ್ಸುಗಟ್ಟಲೆ ಜನ ಬರ್ತಾರೆ, ಗೋಡೆ ಮುಟ್ಟಬೇಡಿ ಅಂತ ಹೇಳೋರು ಯಾರು? ಬಿಸಿಲಿಗೆ ಅಡ್ಡ ನಿಂತೋರನ್ನ ಸರಿಸೋರು ಯಾರು? ನಾನೇ ಅಡ್ಡ ನಿಂತಿದ್ದೆ, ಬೀಗ ಒಂದು ಮಾತಾಡ್ಲಿಲ್ಲ!"

"ಒಬ್ಬರು ಕೂರಬೇಕು, ನಿಜ," ಎಂದರು ಪೆನ್ನೇಸಿ. "ಯಾರು ಕೂರ್ತೀರಿ? ಒಂದರಿಂದ ನಾಲ್ಕು."

ಅರವತ್ತು ಜನರಿದ್ದ ಸಭಾಂಗಣದಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಬ್ರೆಡ್ ಅಂಗಡಿಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ನಾನೇ ಕೂರ್ತಿದ್ದೆ," ಅಂದರು ಪೆನ್ನೇಸಿ, "ಆದ್ರೆ ಡಾಕ್ಟ್ರು ಮಧ್ಯಾಹ್ನ ಮಲಗಲೇಬೇಕು ಅಂದಿದಾರೆ."

ನಾನು ಕೈ ಎತ್ತಿದೆ. ನಾನು ಹುಟ್ಟಿದಂದಿನಿಂದ ಒಂದು ಮಧ್ಯಾಹ್ನವೂ ನಾನಾಗಿ ನಿದ್ದೆ ಬಿಟ್ಟವಳಲ್ಲ, ಅದು ಊರಿಗೆಲ್ಲ ಗೊತ್ತು, ಆದ್ದರಿಂದ ಸಭೆಯೆಲ್ಲ ನನ್ನ ಕಡೆ ತಿರುಗಿತು.

"ನಾನು ಕೂರ್ತೀನಿ. ಕೀಲಿಕೈ ಕೊಡಿ," ಅಂದೆ.

"ಗಾಜಿನ ಪೆಟ್ಟಿಗೆ ಆಗ್ಲೇ ಮಾಡ್ಸಿಬಿಟ್ಟಿದೀವಲ್ಲಮ್ಮ, ಮಖಮಲ್ ಬೇರೆ ಹಾಕ್ಸಿದೀವಿ..."

"ಅದರಲ್ಲಿ ನನಗೆ 'ನಿವೃತ್ತಿ' ಅಂತ ಕೊಟ್ಟ ಪ್ರಶಸ್ತಿಪತ್ರ ಇಡಿ. ಅದೇ ಇನ್ಮೇಲೆ ಹಳೇದು."

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಪೆನ್ನೇಸಿಯವರ ಹೆಂಡತಿಯೂ ನಗುತ್ತಿದ್ದಳು. ಎಲ್ಲ ಕೈಗಳೂ ಮೇಲೆದ್ದವು. ಬೆಳಗ್ಗೆ ಸಂಜೆ ತಾವು; ಒಂದರಿಂದ ನಾಲ್ಕು ಮತ್ತೆ ಬಾಗಿಲಿಗೆ ಕೂರಿಸಿದ ಹಳೆಯ ಬೀಗ, ಹಳೆಯ ಕೀಲಿಕೈ, ನಾನು. ಆ ಮೂರು ಗಂಟೆ ತಾವು ಹಸಿರು ದೀಪ ಹಚ್ಚಿಕೊಂಡು, ಹನ್ನೆರಡು ಭಾಷೆಯಲ್ಲೂ ಸುಮ್ಮನಿರತಕ್ಕದ್ದು.

ಇವತ್ತು ನಾನು ಹನ್ನೊಂದೂವರೆಗೆ ಊಟ ಮಾಡಿದೆ. ನಮ್ಮ ವಂಶದಲ್ಲಿ ಇಂಥ ಅನಾಚಾರ ಹಿಂದೆ ನಡೆದಿಲ್ಲ. ಹಸಿವಿರಲಿಲ್ಲ, ರುಚಿ ಗೊತ್ತಾಗಲಿಲ್ಲ, ಆಮೇಲೆ ತೂಕಡಿಕೆ ತಡೆಯಲು ಮೂರು ಲೋಟ ಕಾಫಿ ಕುಡಿದೆ. ಒಂದು ಗಂಟೆಗೆ ಕೀಲಿಕೈ ಸೊಂಟಕ್ಕೆ ಕಟ್ಟಿ ವಾಲಿಕೊಂಡು ಬೀದಿ ದಾಟಿದೆ. ಇಪ್ಪತ್ತಾರು ಜನ ಬಂದರು. ಅವರೆಲ್ಲ ಎಲ್ಲಿಯವರೆಂದು ಕೇಳಿದೆ, ಮಕ್ಕಳೆಷ್ಟೆಂದು ಕೇಳಿದೆ, ಜಗಳವಾಡಿಕೊಂಡು ಬಂದ ಒಂದು ಜೋಡಿಯನ್ನು ಬೇರೆ ಬೇರೆ ಕಡೆ ನಿಲ್ಲಿಸಿದೆ. ಎರಡೂಕಾಲಿಗೆ ಅವಳು ಬಂದಳು. ಎಲ್ಲರೂ ಉಸಿರು ಹಿಡಿದರು, ಆಮೇಲೆ ನಕ್ಕರು, ಆ ಜೋಡಿಯೂ ನಕ್ಕಿತು. ನಾನು ಅವಳಿಗೆ ಮೆಲ್ಲಗೆ, "ಮಲಗಿರು, ನಾನಿದೀನಿ," ಅಂದೆ.

ಇಷ್ಟು ಸಂತೋಷ ಕೊಟ್ಟ ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಳ್ಳಬೇಕೇ ಬೇಡವೇ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸಿರುವ

ತಮ್ಮ ವಿಶ್ವಾಸಿ,
ಎರ್ಸೀಲಿಯಾ ಬ್ರಾಂದೋನಿ,
ಎದುರು ಮನೆ.

ಮರೆತ ಮಾತು: ಇದೀಗ ಪೆನ್ನೇಸಿಯವರು ಬಂದಿದ್ದರು. ತಮ್ಮ ಹೊಟ್ಟೆಯೊಳಗೆ ನಾಲ್ಕು ಸೆಲ್ಲುಗಳಿವೆಯಂತೆ, ತಿಂಗಳಿಗೊಮ್ಮೆ ಬದಲಾಯಿಸದಿದ್ದರೆ ತಾವು ಪ್ರಜ್ಞೆ ತಪ್ಪುತ್ತೀರಂತೆ, ತಮಗೆ ಹತ್ತಿರದಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ್ದರಿಂದ ಆ ಜವಾಬ್ದಾರಿಯನ್ನು ನನಗೇ ವಹಿಸಿದ್ದಾರೆ. ಅಂತೂ ತಾವೂ ಊಟ ಮಾಡುವವರೇ ಎಂದು ತಿಳಿದು ಸಮಾಧಾನವಾಯಿತು. ಹೊಸ ಸೆಲ್ಲುಗಳನ್ನು ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಹಸಿವಾದಾಗ ತಾವು ಸಂಕೋಚವಿಲ್ಲದೆ ಬಂದು ಗಂಟೆ ಒತ್ತಬೇಕು. ಒಂದರಿಂದ ನಾಲ್ಕರವರೆಗೆ ಮಾತ್ರ ಬರಬೇಡಿ, ಆಗ ನಾನು ಕೆಲಸದಲ್ಲಿರುತ್ತೇನೆ.